ಎರಡು ಸಾವಿರದ ಗೆರೆ

ಆಕ್ರನ್, ಒಹಾಯೊ
ಮಾರ್ಚ್ 3, 1997

ಲೋ ಡೆನ್ಜಿಲ್,

ನಾನಿಲ್ಲಿ ಸೌಖ್ಯವಾಗಿದೀನಿ. ನೀನು ಹೇಗಿದೀಯ ಅಂತ ಕೇಳಿದರೆ ‘ಕೂತಿದೀನಿ’ ಅಂತ ಬರೀತೀಯ. ಹದಿನಾಲ್ಕು ವರ್ಷದಿಂದ ಗಾಲಿಕುರ್ಚಿಯಲ್ಲಿರೋನು ಇಷ್ಟು ಹೊತ್ತಿಗೆ ಇನ್ನೊಂದು ಜೋಕಾದರೂ ಕಲೀಬಹುದಿತ್ತು.

ನೇರವಾಗಿ ವಿಷಯಕ್ಕೆ ಬರ್ತೀನಿ. ಒಂದು ವಾರದಿಂದ ನನಗೆ ಕೂತಲ್ಲಿ ಕೂರೋಕೆ ಆಗ್ತಿಲ್ಲ, ನಿಂತಲ್ಲಿ ನಿಲ್ಲೋಕೆ ಆಗ್ತಿಲ್ಲ. ನವೆಂಬರಿನಿಂದ ತಿಂಗಳಿಗೊಂದರಂತೆ ನಾಲ್ಕು ಮನಿಯಾರ್ಡರ್ ಚೀಟಿ ಕಳಿಸಿದೀನಿ, ಒಂದೊಂದೂ ಐವತ್ತು ಡಾಲರಿಂದು. ನಿನ್ನ ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ. ಮೊನ್ನೆ ಪೋಸ್ಟಾಫೀಸಿಗೆ ಹೋಗಿ ನಂಬರು ತೋರಿಸಿದೆ. ಕೌಂಟರಿನವಳು ಹುಡುಕಿ ನೋಡಿ, ಒಂದನ್ನೂ ಯಾರೂ ನಗದು ಮಾಡಿಸಿಲ್ಲ ಅಂದಳು. ಶಾಲೆ ಅಡಿಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಆಲೂಗಡ್ಡೆ ಹಿಸುಕಿ ಗಳಿಸಿದ ದುಡ್ಡು ಕಣೋ ಅದು.

ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡ. ನಿನ್ನನ್ನ ನೋಡಿಕೊಳ್ಳೋಕೆ ಬರ್ತಾಳಲ್ಲ, ಆ ಡ್ರೀಮಾ, ಅವಳ ಕೈ ಶುದ್ಧವಾಗಿದೆಯಾ? ಟಪಾಲು ಒಳಗೆ ತರೋಳು ಅವಳೇ ತಾನೆ?

ಫೋನ್ ಮಾಡೋಣ ಅಂದರೆ ನಾನು ಅಳೋಕೆ ಶುರು ಮಾಡ್ತೀನಿ, ನೀನು ಸುಮ್ಮನಾಗಿಬಿಡ್ತೀಯ, ನಿಮಿಷಕ್ಕೆ ಇಪ್ಪತ್ತೈದು ಸೆಂಟಿನಂತೆ ಮೌನಕ್ಕೆ ದುಡ್ಡು ಕಟ್ಟಬೇಕು. ಅದಕ್ಕೇ ಬರೀತಿದೀನಿ. ಉತ್ತರ ಶಾಲೆ ವಿಳಾಸಕ್ಕೆ ಹಾಕು, ಮನೆಯ ಟಪಾಲು ಡಬ್ಬಿ ಮುರಿದಿದೆ.

ನಿನ್ನ ಅಕ್ಕ,
ವೆಲ್ವಾ


ಟರ್ಕಿ ಫೋರ್ಕ್, ವೆಸ್ಟ್ ವರ್ಜೀನಿಯಾ
ಮಾರ್ಚ್ 19, 1997

ಪ್ರೀತಿಯ ಅಕ್ಕ,

ಕೂತಿದೀನಿ.

ಡ್ರೀಮಾ ವಿಷಯ ಮೊದಲು ಮುಗಿಸ್ತೀನಿ. ಬೆಳಿಗ್ಗೆ ಏಳಕ್ಕೆ ಬಂದು ನನ್ನನ್ನ ಹಾಸಿಗೆಯಿಂದ ಎತ್ತೋಳು ಅವಳು. ಸ್ನಾನ ಮಾಡಿಸಿ, ಗಡ್ಡ ಕೆರೆದು, ಬಟ್ಟೆ ತೊಡಿಸಿ, ಸಂಜೆ ಮತ್ತೆ ಬಂದು ಮಲಗಿಸೋಳೂ ಅವಳೇ. ನನ್ನ ತೋಳು ಭುಜದ ಮೇಲೆ ಏಳಲ್ಲ, ಕಾಲು ಯಾವತ್ತೋ ಕೈಬಿಟ್ಟಿದೆ, ಬೆರಳು ಮಾತ್ರ ಹೇಗೋ ಪೆನ್ನು ಹಿಡಿಯುತ್ತೆ. ಅಂಥ ನನ್ನನ್ನ ಆರು ವರ್ಷದಲ್ಲಿ ಒಂದು ಸಲವೂ ಕೆಳಗೆ ಬೀಳಿಸಿಲ್ಲ ಅವಳು. ನೀನು ಅನುಮಾನ ಪಟ್ಟಿದ್ದನ್ನ ಅವಳಿಗೆ ಓದಿ ಹೇಳಿದೆ. ನಕ್ಕಳು. ಆಮೇಲೆ ಗಡ್ಡ ಕೆರೆಯೋವಾಗ ಕತ್ತಿನ ಹತ್ತಿರ ಬ್ಲೇಡು ನಿಲ್ಲಿಸಿ, “ನಿಮ್ಮ ಅಕ್ಕ ಇನ್ನೇನಂತಾರೆ?” ಅಂತ ಕೇಳಿದಳು.

ಅವಳಿಗೆ ಸಂಬಳ ಕೊಡೋದು ಮೆಡಿಕೇಡ್, ಬಡವರ ಚಿಕಿತ್ಸೆಗೆ ಸರ್ಕಾರ ಕೊಡೋ ದುಡ್ಡು. ಆ ಸರ್ಕಾರಿ ಕಾರ್ಡು ಇರೋದರಿಂದ ಅವಳು ಬರ್ತಾಳೆ, ಅವಳು ಬರೋದರಿಂದ ನಾನು ನನ್ನ ಮನೇಲಿದೀನಿ. ಕಾರ್ಡಿಲ್ಲದಿದ್ದರೆ ಗುಡ್ಡದಾಚೆಯ ಆರೈಕೆ ಕೇಂದ್ರವೇ ಗತಿ. ಪಕ್ಕದ ಮನೆ ಲೂಥರ್ ಎರಡೇ ವಾರಕ್ಕೆ ಅಂತ ಅಲ್ಲಿಗೆ ಹೋದ. ಅವನ ನಾಯಿಯನ್ನ ನಾವು ಮೂರು ವರ್ಷ ಸಾಕಿದ್ದಾಯ್ತು.

ನಿನ್ನ ನಾಲ್ಕೂ ಚೀಟಿ ಇದರ ಜೊತೆ ಇಟ್ಟಿದೀನಿ. ವಾಪಸು ತಗೋ. ನನಗೆ ಬೇಕಾಗಿಲ್ಲ, ಇನ್ನು ಮುಂದೆ ಕಳಿಸಲೂಬೇಡ.

ನಿನ್ನ ತಮ್ಮ,
ಡೆನ್ಜಿಲ್


ಆಕ್ರನ್
ಏಪ್ರಿಲ್ 2, 1997

ಡೆನ್ಜಿಲ್,

‘ಬೇಕಾಗಿಲ್ಲ’ ಅನ್ನೋ ಮಾತನ್ನ ನಾನು ಐದು ಸಲ ಓದಿದೆ. ಶಾಲೆಯಲ್ಲಿ, ಉಗ್ರಾಣದೊಳಗೆ ನಿಂತುಕೊಂಡು. ಅಲ್ಲಿ ಯಾರೂ ಬರಲ್ಲ.

ಅದು ದುಡ್ಡಿನ ಮಾತಲ್ಲ ಅಂತ ನನಗೆ ಗೊತ್ತು. ಅಮ್ಮನ ಮಾತು. ಅವಳು ಕೊನೆಯ ನಾಲ್ಕು ತಿಂಗಳು ಹಾಸಿಗೆ ಹಿಡಿದಾಗ, ಕುರ್ಚಿಯಲ್ಲಿ ಕೂತಿದ್ದ ನೀನೇ ಅವಳ ಬಾಯಿಗೆ ನೀರು ಹಾಕಿದೆ. ನಾನು ಹೂ ಹಿಡ್ಕೊಂಡು ಎರಡು ದಿನ ತಡವಾಗಿ ಬಂದೆ. ಆವತ್ತು ನೀನು ಒಂದು ಮಾತೂ ಆಡಲಿಲ್ಲ. ಬೈದುಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಎಂಟು ವರ್ಷ ಎದೆಯಲ್ಲಿಟ್ಟುಕೊಂಡು ಈಗ ನನ್ನ ದುಡ್ಡನ್ನ ಲಕೋಟೆಗೆ ಹಾಕಿ ಮುಖಕ್ಕೆ ಎಸೆದಿದೀಯ.

ಹದಿನೆಂಟಕ್ಕೆ ಊರು ಬಿಟ್ಟೆ, ಈಗ ಅರವತ್ತೆರಡು. ನಾನು ಮಾಡೋಕೆ ಸಾಧ್ಯ ಇರೋದು ಇದೊಂದೇ ಕೆಲಸ, ಅದನ್ನೂ ಬೇಡ ಅಂದರೆ ನಾನು ನಿನಗೆ ಏನು? ಹೇಳು.

ವೆಲ್ವಾ


ಟರ್ಕಿ ಫೋರ್ಕ್
ಏಪ್ರಿಲ್ 24, 1997

ಅಕ್ಕ,

ಸಿಟ್ಟಿಲ್ಲ. ಅಮ್ಮನ ವಿಷಯಕ್ಕೂ ಇದಕ್ಕೂ ಸಂಬಂಧವಿಲ್ಲ. ಆವತ್ತು ಮಾತಾಡಲಿಲ್ಲ, ಯಾಕೆಂದರೆ ಮಾತಾಡಿದ್ದರೆ ಅಷ್ಟು ಜನರ ಮುಂದೆ ನಾನು ಹೋ ಅಂತ ಅತ್ತುಬಿಡ್ತಿದ್ದೆ.

ಇದು ಕಚೇರಿಯ ಒಂದು ಲೆಕ್ಕಾಚಾರ. ಬಿಡು, ಬಿಡಿಸಿ ಹೇಳಿದರೆ ನೀನು ಅವರ ಮೇಲೆ ಜಗಳಕ್ಕೆ ಹೋಗ್ತೀಯ. ನಾನಿಲ್ಲಿ ಬದುಕಬೇಕು.

ಹಳ್ಳದಲ್ಲಿ ಕಪ್ಪೆ ಶುರುವಾಗಿವೆ. ಡ್ರೀಮಾ ಕಾಡು ಈರುಳ್ಳಿ ಕಿತ್ತು ತಂದು ಹುರಿದಳು, ಮನೆಯೆಲ್ಲ ನಾತ. ನೀನು ಬೇಸಿಗೆ ರಜಕ್ಕೆ ಒಂದು ಸಲ ಬಂದುಹೋದರೆ ಸಾಕು ನನಗೆ.

ಡೆನ್ಜಿಲ್


ಆಕ್ರನ್
ಮೇ 27, 1997

ಲೋ ತಮ್ಮಾ,

ಈಗ ಬೇಡ ಅನ್ನು ನೋಡೋಣ.

ಶನಿವಾರ ನಿನ್ನನ್ನ ಕುರ್ಚಿ ಸಮೇತ ವ್ಯಾನಿಗೆ ಹತ್ತಿಸಿ ಫೈರ್ ಸ್ಟೇಷನ್ನಿಗೆ ಕರ್ಕೊಂಡು ಹೋದಾಗ ನಿನ್ನ ಮುಖ ಹೇಗಿತ್ತು ಅಂತ ಎಲ್ಬರ್ಟ್ ಫೋನಿನಲ್ಲಿ ಹೇಳಿದ. ಬಾಗಿಲು ತೆಗೆದಾಗ, ನಿನಗೆ ದುಡ್ಡು ಕೂಡಿಸೋಕೆ ಇಟ್ಟ ಊಟಕ್ಕೆ ಇನ್ನೂರು ಜನ ಸೇರಿದ್ದರಂತೆ. ಆರು ಹಂಡೆ ಬೀನ್ಸ್ ಬೇಯಿಸಿದ್ದರಂತೆ, ಮುಸುಕಿನ ಜೋಳದ ಬ್ರೆಡ್ಡು ಸಾಲದೆ ಎರಡು ಸಲ ಮಾಡಿದರಂತೆ. ಹಾಡು ನಿಂತಾಗ ಸರಿಯಾದ ಅಂಕಿ ಮೇಲೆ ನಿಂತವರಿಗೆ ಕೇಕು ಕೊಡೋ ಆಟದಲ್ಲಿ ಹೆಂಗಸರು ಹಾಡು ನಿಲ್ಲುವ ಮೊದಲೇ ಅಂಕಿ ಮೇಲೆ ಹಾರಿ ಜಗಳ ಮಾಡಿಕೊಂಡರಂತೆ. ಎಲ್ಲ ನನ್ನ ಕೈವಾಡ ಕಣೋ. ಎಲ್ಬರ್ಟ್‌ಗೆ ಕಾಗದ ಬರೆದದ್ದು ನಾನೇ. ಅವನು ಈಗ ಫೈರ್ ಸ್ಟೇಷನ್ನಿನ ಯಜಮಾನ ಅಂತ ಗೊತ್ತಾಯ್ತು. ‘ನನ್ನ ತಮ್ಮ ಬಲು ಮಾನಿ, ನನ್ನ ದುಡ್ಡು ಮುಟ್ಟಲ್ಲ, ಊರವರು ಕೊಟ್ಟರೆ ಬೇಡ ಅನ್ನಲಾರ’ ಅಂತ ಬರೆದೆ. ಸಮಾಧಿಗೆ ಹೂವಿಡೋ ವಾರ, ಹೊರಗೆ ಹೋದವರೆಲ್ಲ ಊರಿಗೆ ಬಂದಿರ್ತಾರೆ, ಅದೇ ವಾರ ಇಟ್ಟುಕೊಳ್ಳಿ ಅಂದವಳೂ ನಾನೇ.

ನಾಲ್ಕು ಸಾವಿರದ ನೂರ ಎಂಬತ್ತೈದು ಡಾಲರು. ಬಂದೂಕು ಬಹುಮಾನವಾಗಿಟ್ಟ ಲಾಟರಿಯೊಂದರಿಂದಲೇ ಒಂಬೈನೂರು. ಎಲ್ಬರ್ಟ್ ಎಷ್ಟು ಚೊಕ್ಕ ಮನುಷ್ಯ ನೋಡು, ಕೈಗೆ ನೋಟು ಕೊಟ್ಟರೆ ನಾಳೆ ಯಾರಾದರೂ ಏನಾದರೂ ಅಂದುಕೊಂಡಾರು ಅಂತ, ಬ್ಯಾಂಕಿನವನನ್ನ ಅಲ್ಲಿಗೇ ಕರೆಸಿ, ಎಲ್ಲರ ಎದುರು ಎಣಿಸಿ, ನೇರ ನಿನ್ನ ಹೆಸರಿನ ಖಾತೆಗೇ ಹಾಕಿಸಿದನಂತೆ.

ನಾನು ಬರಬೇಕಿತ್ತು. ಬಸ್ಸಿಗೆ ಟಿಕೆಟ್ಟು ಸಿಗಲಿಲ್ಲ. ಆ ದುಡ್ಡಿನಲ್ಲಿ ಒಂದು ಒಳ್ಳೇ ಹಾಸಿಗೆ ತಗೋ.

ಸಂತೋಷದಲ್ಲಿ,
ವೆಲ್ವಾ


ಟರ್ಕಿ ಫೋರ್ಕ್
ಮೇ 31, 1997

ಅಕ್ಕ,

ಕಾಗದ ಬಂತು. ನೀನು ಇಷ್ಟೆಲ್ಲ ಓಡಾಡಿದ್ದಕ್ಕೆ ಏನು ಹೇಳಬೇಕೋ ತಿಳೀತಿಲ್ಲ. ಊರವರು ದೊಡ್ಡ ಮನಸ್ಸು ಮಾಡಿದರು. ಬೀನ್ಸ್ ಚೆನ್ನಾಗಿತ್ತು.

ಇಲ್ಲಿ ಸ್ವಲ್ಪ ಕೆಲಸವಿದೆ. ಮತ್ತೆ ಬರೀತೀನಿ.

ಡೆನ್ಜಿಲ್


ಆಕ್ರನ್
ಜೂನ್ 13, 1997

ಡೆನ್ಜಿಲ್,

‘ಬೀನ್ಸ್ ಚೆನ್ನಾಗಿತ್ತು.’ ಅಷ್ಟೇನಾ?

ಎರಡು ವಾರ ಕಾದೆ. ಗಾಲಿಕುರ್ಚಿಯಲ್ಲಿ ಕೂತವನಿಗೆ ಅದೇನಪ್ಪ ಅಂಥಾ ಕೆಲಸ? ಕೊಟ್ಟರೂ ತಪ್ಪು, ಕೊಡಿಸಿದರೂ ತಪ್ಪು. ಇನ್ನೂರು ಜನ ನಿನಗೋಸ್ಕರ ಬಂದು ಕೂತು ಉಂಡು ಹೋದರು, ನನ್ನ ಗಂಡ ಸತ್ತಾಗ ಹನ್ನೊಂದು ಜನ ಬಂದಿದ್ದರು. ನಿನಗೆ ಇರೋದರ ಬೆಲೆ ನಿನಗೆ ಗೊತ್ತಿಲ್ಲ.

ನಾನು ಇನ್ನು ಬರೆಯಲ್ಲ ಅಂತ ನಿರ್ಧಾರ ಮಾಡಿದ್ದೆ. ಆದರೂ ಇದೊಂದು ಬರೆದೆ. ಇದಕ್ಕೂ ನೀನು ಎರಡು ಸಾಲು ಗೀಚಿದರೆ ನಿಜವಾಗಿ ಮುಗೀತು.

ವೆಲ್ವಾ


ಟರ್ಕಿ ಫೋರ್ಕ್
ಜೂನ್ 20, 1997

ಅಕ್ಕ,

ಇದು ಉದ್ದದ ಕಾಗದ. ಕೂತು ಓದು.

ನನ್ನಂಥವನಿಗೆ ಮೆಡಿಕೇಡ್ ಕಾರ್ಡು ಬೇಕಾದರೆ ಎರಡು ಗೆರೆ ಇವೆ. ತಿಂಗಳಿಗೆ ಬರೋದು ಇಷ್ಟೇ ಇರಬೇಕು ಅನ್ನೋದು ಒಂದು. ಕೈಯಲ್ಲಿ, ಬ್ಯಾಂಕಿನಲ್ಲಿ ಎಲ್ಲ ಸೇರಿ ಇರೋದು ಎರಡು ಸಾವಿರ ಡಾಲರ್ ದಾಟಬಾರದು ಅನ್ನೋದು ಇನ್ನೊಂದು. ಮನೆ ಲೆಕ್ಕಕ್ಕಿಲ್ಲ. ಉಳಿದದ್ದೆಲ್ಲ ಇದೆ. ಪ್ರತಿ ತಿಂಗಳ ಒಂದನೇ ತಾರೀಖು ಬೆಳಗಾಗುವಾಗ ಖಾತೆಯಲ್ಲಿ ಎಷ್ಟಿದೆಯೋ ಅದನ್ನ ಹಿಡೀತಾರೆ.

ಸರ್ಕಾರ ನನಗೆ ತಿಂಗಳಿಗೆ ನಾನೂರ ಎಂಬತ್ತನಾಲ್ಕು ಡಾಲರು ಕೊಡುತ್ತೆ. ಅದರ ಮೇಲೆ ಯಾರಾದರೂ ದುಡ್ಡು ಕೊಟ್ಟರೆ ಮೊದಲ ಇಪ್ಪತ್ತು ನನಗೆ, ಉಳಿದಷ್ಟನ್ನ ಮುಂದೆ ಕೊಡೋ ದುಡ್ಡಿನಲ್ಲಿ ಕಳೆದುಬಿಡ್ತಾರೆ. ಅಂದರೆ ನೀನು ಕಳಿಸೋ ಐವತ್ತರಲ್ಲಿ ಮೂವತ್ತು ನೀನು ಸರ್ಕಾರಕ್ಕೆ ಕಳಿಸಿದ ಹಾಗೆ. ಮುನ್ನೂರು ಮಕ್ಕಳಿಗೆ ಆಲೂಗಡ್ಡೆ ಹಿಸುಕಿ ನೀನು ಯಾಕೆ ಆ ಕೆಲಸ ಮಾಡಬೇಕು? ಅದಕ್ಕೇ ವಾಪಸು ಕಳಿಸಿದೆ. ಇದನ್ನ ಆವತ್ತೇ ಬರೀಬೇಕಿತ್ತು. ನಾಚಿಕೆಯಾಯ್ತು ಕಣಕ್ಕ. ಐವತ್ನಾಲ್ಕು ವರ್ಷದ ಗಂಡಸು, ಅಕ್ಕ ಕೊಟ್ಟ ದುಡ್ಡು ಇಟ್ಟುಕೊಳ್ಳೋಕೂ ಕಚೇರಿಗೆ ಹೇಳಬೇಕು ಅಂತ ಬರೆಯೋಕೆ ಕೈ ಬರಲಿಲ್ಲ.

ಈಗ ಊಟದ ದುಡ್ಡಿನ ಕಥೆ. ನನ್ನ ಖಾತೆಯಲ್ಲಿ ಆರುನೂರ ಹತ್ತು ಇತ್ತು. ಅದರ ಮೇಲೆ ನಾಲ್ಕು ಸಾವಿರದ ನೂರ ಎಂಬತ್ತೈದು ಬಿತ್ತು. ಎಲ್ಬರ್ಟ್ ಅದನ್ನ ಸ್ಟೇಷನ್ನಿನ ಹೆಸರಲ್ಲೇ ಇಟ್ಟುಕೊಂಡು ನನ್ನ ಮನೆಗೆ ಬೇಕಾದ ಸಾಮಾನು ತಂದು ಕೊಟ್ಟಿದ್ದರೆ ಹೇಗೋ ಆಗ್ತಿತ್ತು. ಆದರೆ ಅವನು ಚೊಕ್ಕ ಮನುಷ್ಯ. ವಾರಪತ್ರಿಕೆಯಲ್ಲಿ ನನ್ನ ಫೋಟೋ ಹಾಕಿ ಕೆಳಗೆ ಅಂಕಿ ಸಮೇತ ಅಚ್ಚು ಮಾಡಿಸಿದ್ದಾನೆ.

ಅಚ್ಚಾಗದಿದ್ದರೂ ಅಷ್ಟೇ ಆಗ್ತಿತ್ತು. ಕಚೇರಿಯಲ್ಲಿ ನನ್ನ ಕಡತ ನೋಡೋ ಮಿಸೆಸ್ ಸ್ಪ್ಯಾಂಗ್ಲರ್ ಆವತ್ತು ಊಟಕ್ಕೆ ಬಂದಿದ್ದಳು. ಎರಡು ತಟ್ಟೆ ಉಂಡಳು, ಕೇಕಿನ ಆಟದಲ್ಲಿ ತೆಂಗಿನಕಾಯಿ ಕೇಕು ಗೆದ್ದಳು. ಬ್ಯಾಂಕಿನವನು ಎಣಿಸಿ ಮೊತ್ತ ಕೂಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳೊಬ್ಬಳು ಕೇಕು ಹಿಡ್ಕೊಂಡು ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಿದೆ. ನಮ್ಮಿಬ್ಬರಿಗೇ ಗೊತ್ತಿತ್ತು.

ನಾನಾಗೇ ಫೋನ್ ಮಾಡಿ ತಿಳಿಸಿದೆ. ಡ್ರೀಮಾ ಬೇಡ ಅಂದಳು. ಆದರೆ ವರ್ಷ ವರ್ಷ ಸಹಿ ಹಾಕಿದೀನಿ, ಏನು ಬಂದರೂ ಹೇಳ್ತೀನಿ ಅಂತ. ನೋಟಿಸು ನಿನ್ನೆ ಬಂತು. ನೋಟಿಸಿಲ್ಲದೆ ಕಾರ್ಡು ನಿಲ್ಲಿಸೋ ಹಾಗಿಲ್ಲವಂತೆ, ಹಾಗಾಗಿ ಜೂನ್ ಒಂದು ಹೇಗೋ ದಾಟಿತು. ಜುಲೈ ಒಂದರ ಬೆಳಿಗ್ಗೆ ಎರಡು ಸಾವಿರದ ಒಳಗೆ ಇಳಿದಿದ್ದರೆ ಸರಿ, ಇಲ್ಲದಿದ್ದರೆ ಕಾರ್ಡು ನಿಲ್ಲುತ್ತೆ. ಕಾರ್ಡು ನಿಂತ ದಿನವೇ ಡ್ರೀಮಾಳನ್ನ ಅವಳ ಏಜೆನ್ಸಿಯವರು ಬೇರೆ ಮನೆಗೆ ಹಾಕ್ತಾರೆ. ಒಂದು ವಾರ ಊರವರು ಸರದಿಯಲ್ಲಿ ನನ್ನನ್ನ ಎತ್ತಬಹುದು. ಆಮೇಲೆ ಲೂಥರ್ ಹೋದ ದಾರಿ.

ದುಡ್ಡು ವಾಪಸು ಕೊಟ್ಟುಬಿಡೋಣ ಅಂದರೆ ಅದೂ ಆಗಲ್ಲ. ಯಾರಿಗಾದರೂ ದಾನ ಮಾಡಿದರೆ, ಕಾರ್ಡಿಗೋಸ್ಕರ ಆಸ್ತಿ ಕೈದಾಟಿಸಿದ ಅಂತ ಇನ್ನೊಂದು ತಪ್ಪು ಹೊರಿಸ್ತಾರೆ. ನನಗೋಸ್ಕರವೇ, ನ್ಯಾಯವಾದ ಬೆಲೆ ಕೊಟ್ಟು, ಖರ್ಚು ಮಾಡಬೇಕು. ಹತ್ತು ದಿನದಲ್ಲಿ ಎರಡು ಸಾವಿರದ ಎಂಟುನೂರು ಡಾಲರು.

ಖರ್ಚು ಮಾಡೋದು ಏನು ಮಹಾ ಅಂತೀಯ. ಪ್ರಯತ್ನ ಮಾಡಿದೀನಿ. ಬಾಗಿಲಿಗೆ ಹೊಸ ಇಳಿಜಾರು ಹಲಗೆ ಹಾಕಿಸೋಣ ಅಂತ ಬಡಗಿಗೆ ಹೇಳಿ ಕಳಿಸಿದೆ. ಎಲ್ಬರ್ಟ್‌ಗೆ ಗೊತ್ತಾಗಿ ನಾಲ್ಕು ಜನರನ್ನ ಕರ್ಕೊಂಡು ಬಂದು ಪುಕ್ಕಟೆ ಹಾಕಿ ಹೋದ. ಸೂರಿನ ತಗಡಿಗೆ ಬೆಲೆ ಕೇಳಿದೆ, ಅಂಗಡಿಯವನು ಗೋಡೌನಿನಲ್ಲಿದ್ದದ್ದನ್ನ ಹಾಗೇ ಕಳಿಸಿದ. “ಡೆನ್ಜಿಲ್‌ನ ದುಡ್ಡು ಮುಟ್ಟಿದರೆ ನನ್ನ ಹೆಂಡತಿ ಮನೆಗೆ ಸೇರಿಸಲ್ಲ” ಅಂದನಂತೆ. ಇಡೀ ಕಣಿವೆಯಲ್ಲಿ ನನ್ನಿಂದ ಒಂದು ಡಾಲರು ತಗೊಳ್ಳೋ ನನ್ಮಗ ಒಬ್ಬ ಸಿಗ್ತಿಲ್ಲ.

ನಿನ್ನ ಮೇಲೆ ಸಿಟ್ಟಿದೆ ಅಕ್ಕ. ಈ ಸಲ ಇದೆ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?

ಡೆನ್ಜಿಲ್


ಆಕ್ರನ್
ಜೂನ್ 23, 1997

ಡೆನ್ಜಿಲ್,

ಕಾಗದ ಸಿಕ್ಕಿತು, ಎರಡು ಸಲ ಓದಿದೆ. ಯಾರ ಮೇಲಾದರೂ ಜಗಳ ಮಾಡೋಣ ಅಂದರೆ ಜಗಳಕ್ಕೆ ಸಿಕ್ಕೋಳು ನಾನೊಬ್ಬಳೇ. ನೀನು ಆ ಕೇಂದ್ರಕ್ಕೆ ಹೋಗಬಾರದು ಅಂತ ಕೂಡಿಸಿದ ದುಡ್ಡು, ನಿನ್ನನ್ನ ಅಲ್ಲಿಗೇ ತಳ್ಳೋ ಹಾಗಾಯ್ತಲ್ಲೋ.

ಕಾರು ತಗೋ. ಒಂದು ಕಾರು ಇಟ್ಟುಕೊಳ್ಳಬಹುದು ಅಂತ ನಮ್ಮ ಅಡಿಗೆಮನೆಯ ಹೆಂಗಸೊಬ್ಬಳು ಹೇಳಿದಳು. ಓಡಿಸೋರು ಯಾರು ಅಂತ ಕೇಳಬೇಡ, ಅಂಗಳದಲ್ಲಿ ನಿಂತಿರಲಿ. ಅಥವಾ ದೊಡ್ಡ ಟಿವಿ. ಅಥವಾ ಊರಾಚೆ ಹೋಗಿ ನಿನ್ನ ಗುರುತಿಲ್ಲದವರ ಅಂಗಡಿಯಲ್ಲಿ ಏನಾದರೂ ತಗೋ, ಡ್ರೀಮಾಗೆ ಹೇಳು ವ್ಯಾನಿನಲ್ಲಿ ಕರ್ಕೊಂಡು ಹೋಗಲಿ. ಡ್ರೀಮಾಗೆ ನನ್ನ ಕ್ಷಮೆ ಹೇಳು, ಎಲ್ಲದಕ್ಕೂ.

ಕೌಂಟಿ ಕಚೇರಿಗೆ ಫೋನ್ ಮಾಡಿದ್ದೆ. ಕೂಗಾಡಿದೆ. ಮಿಸೆಸ್ ಸ್ಪ್ಯಾಂಗ್ಲರ್ ಸುಮ್ಮನೆ ಕೇಳಿಸಿಕೊಂಡು, “ನಿಮ್ಮ ತಮ್ಮನ ಕಡತದ ವಿಷಯ ನಿಮ್ಮ ಹತ್ತಿರ ಮಾತಾಡೋ ಹಾಗಿಲ್ಲ ಕಣಮ್ಮ” ಅಂದಳು. ಆಮೇಲೆ, “ಆ ಕೇಕು ನನಗೆ ಗಂಟಲಲ್ಲಿ ಇಳೀಲಿಲ್ಲ” ಅಂದಳು. ನಾನು ಫೋನ್ ಇಟ್ಟುಬಿಟ್ಟೆ.

ಏನಾಯ್ತು ಅಂತ ತಕ್ಷಣ ಬರಿ. ಎರಡೇ ಸಾಲಾದರೂ ಸರಿ. ಬಸ್ಸಿಗೆ ಟಿಕೆಟ್ಟು ಸಿಗಲಿಲ್ಲ ಅಂತ ಬರೆದಿದ್ದು ಸುಳ್ಳು. ಟಿಕೆಟ್ಟಿತ್ತು. ಅಮ್ಮನ ಸಮಾಧಿಗೆ ಎಲ್ಲರೂ ಹೂವಿಡೋ ದಿನ, ಇಷ್ಟು ವರ್ಷ ಬರದ ನಾನು ಅಲ್ಲಿ ನಿಂತರೆ ಜನ ಏನಂದುಕೊಳ್ತಾರೋ ಅಂತ ಹೆದರಿಕೆಯಾಯ್ತು.

ವೆಲ್ವಾ


ಟರ್ಕಿ ಫೋರ್ಕ್
ಜುಲೈ 1, 1997

ಪ್ರೀತಿಯ ಅಕ್ಕ,

ಮೊದಲು ಇದನ್ನ ಓದು. ಕಾರ್ಡು ಉಳೀತು. ಇವತ್ತು ಬೆಳಿಗ್ಗೆ ಏಳಕ್ಕೆ ಡ್ರೀಮಾ ಬಂದಳು, ನನ್ನನ್ನ ಎತ್ತಿದಳು, ಬೆನ್ನು ನೋವು ಅಂತ ಗೊಣಗಿದಳು. ಆ ಗೊಣಗಾಟ ಕೇಳಿ ನನಗೆ ಎಷ್ಟು ಸಮಾಧಾನ ಆಯ್ತೋ ಹೇಳೋಕಾಗಲ್ಲ.

ಈಗ ಹೇಗೆ ಅಂತ ಕೇಳು. ನೀನು ಹೇಳಿದ ಕಾರಿನ ಉಪಾಯ ಮಿಸೆಸ್ ಸ್ಪ್ಯಾಂಗ್ಲರ್‌ಗೆ ಹೇಳಿದೆ. “ಬೇರೆ ದಾರಿ ಇದೆ” ಅಂತ ಅವಳು ನಿಯಮದ ಪುಸ್ತಕ ತೆಗೆದು ಫೋನಿನಲ್ಲೇ ಓದಿದಳು. ಬಡವ ಬದುಕಿರೋವಾಗ ಎರಡು ಸಾವಿರದ ಮೇಲೆ ಇಟ್ಟುಕೊಳ್ಳೋ ಹಾಗಿಲ್ಲ, ಆದರೆ ಹೂಳೋ ಜಾಗಕ್ಕೆ, ಕಲ್ಲಿಗೆ ಎಷ್ಟು ಕೊಟ್ಟರೂ ಅಡ್ಡಿಯಿಲ್ಲವಂತೆ. ಅದು ಆಸ್ತಿ ಅಲ್ಲವಂತೆ. ನಾನು ಐದು ನಿಮಿಷ ನಕ್ಕೆ. ಅವಳೂ ನಕ್ಕಳು, ಆಮೇಲೆ ಮೂಗು ಒರೆಸಿಕೊಂಡದ್ದು ಕೇಳಿಸಿತು.

ಗುಡ್ಡದ ಮೇಲೆ ನಮ್ಮವರ ಜಾಗ ಇದೆಯಲ್ಲ ಅಂತೀಯ. ಅಲ್ಲಿಗೆ ಗಾಡಿ ಹೋಗೋ ದಾರಿಯಿಲ್ಲ. ಅಪ್ಪನನ್ನ ಹೊತ್ತ ಆರು ಜನರಲ್ಲಿ ಐವರು ಈಗ ಅಲ್ಲೇ ಮಲಗಿದ್ದಾರೆ, ಆರನೆಯವನಿಗೆ ಮಂಡಿನೋವು. ಅದಕ್ಕೇ ನದೀ ಪಕ್ಕ, ರಸ್ತೆ ಬದಿಯ ಹೊಸ ಸ್ಮಶಾನಕ್ಕೆ ಹೋದೆವು. ನಡೆಸೋನು ಹೊರಗಿನವನು, ನನ್ನ ಗುರುತಿಲ್ಲ. ಎಷ್ಟು ಖುಷಿಯಿಂದ ದುಡ್ಡು ತಗೊಂಡ ಅಂತೀಯ. ಅಷ್ಟು ದಿನದಲ್ಲಿ ನನ್ನ ನೋಟು ಎಣಿಸಿದ ಮೊದಲನೇ ಮನುಷ್ಯ, ಅಪ್ಪಿಕೊಳ್ಳೋಣ ಅನ್ನಿಸಿತು.

ಒಂದು ಜಾಗ ಐನೂರ ಐವತ್ತು. ಒಂದು ಕಲ್ಲು ಸೇರಿಸಿದರೂ ಎರಡು ಸಾವಿರಕ್ಕೆ ಇಳೀತಿರಲಿಲ್ಲ. ಕಟ್ಟಿಕೊಂಡ ಹೆಂಡತಿಯಿಲ್ಲ, ಇನ್ನೊಂದು ಯಾರಿಗೆ ತಗೊಳ್ಳಲಿ ಅಂತ ಮಿಸೆಸ್ ಸ್ಪ್ಯಾಂಗ್ಲರ್‌ನ ಕೇಳಿದೆ. ಒಡಹುಟ್ಟಿದವರಿಗೆ ತಗೊಂಡರೂ ಲೆಕ್ಕಕ್ಕೆ ಬರಲ್ಲ ಅಂದಳು.

ಹಾಗಾಗಿ ನಿನಗೂ ಒಂದು ತಗೊಂಡೆ. ನನ್ನ ಪಕ್ಕ, ನದಿ ಕಡೆಗೆ. ಕಲ್ಲು ಇಬ್ಬರಿಗೂ ಸೇರಿ ಒಂದು, ಸಾವಿರದ ಏಳುನೂರು. ಕೆತ್ತೋನು ಎರಡು ಹೆಸರು ನೋಡಿ, ನಡುವೆ ಎರಡು ಹೃದಯ, ಒಂದು ಉಂಗುರ ಬಿಡಿಸಲಾ ಅಂತ ಕೇಳಿದ. “ಅಕ್ಕ ಕಣಯ್ಯಾ” ಅಂದೆ. ಪಾಪ, ಬೆವರಿಬಿಟ್ಟ. ಕೊನೆಗೆ ಬರೀ ಹೆಸರು, ಹುಟ್ಟಿದ ವರ್ಷ. ಇನ್ನೊಂದು ವರ್ಷದ ಜಾಗ ಖಾಲಿ.

ನಿನ್ನನ್ನ ಕೇಳದೇ ಮಾಡಿದೆ. ನೀನೂ ಕೇಳದೇ ಮಾಡಿದ್ದೆಯಲ್ಲ, ಸರಿಗೆ ಸರಿ. ನೀನು ನಿನ್ನ ಗಂಡನ ಪಕ್ಕದಲ್ಲೇ ಇರ್ತೀಯ ಅಂತ ಗೊತ್ತು. ಆ ಜಾಗ ಖಾಲಿಯೇ ಇರಲಿ, ನನಗೇನೂ ಬೇಜಾರಿಲ್ಲ. ಪಕ್ಕದಲ್ಲಿ ನಿನ್ನ ಹೆಸರಿದ್ದರೆ ಸಾಕು.

ಕೊನೆಗೆ ಉಳಿದದ್ದು ಸಾವಿರದ ಒಂಬೈನೂರ ತೊಂಬತ್ತೈದು. ಗೆದ್ದೆ ಅಂದುಕೊಂಡೆ. ನಿನ್ನೆ ಮಧ್ಯಾಹ್ನ ಉಣ್ತಾ ಕೂತಿದ್ದಾಗ ಡ್ರೀಮಾ, “ಬಡ್ಡಿ ಯಾವತ್ತು ಹಾಕ್ತಾರೆ?” ಅಂದಳು. ಜೂನ್ ಮೂವತ್ತು, ಮೂರು ತಿಂಗಳ ಬಡ್ಡಿ ಹಾಕೋ ದಿನ. ಬ್ಯಾಂಕಿಗೆ ಫೋನ್ ಮಾಡಿದರೆ ಎಂಟು ಡಾಲರು ನಲವತ್ತು ಸೆಂಟು ಆಗಲೇ ಬಿದ್ದಿದೆ. ಮೂರು ಡಾಲರು ನಲವತ್ತು ಸೆಂಟು ಗೆರೆ ದಾಟಿದೆ. ವ್ಯಾನು ಹತ್ತಿ ಹೊರಟೆವು, ಬ್ಯಾಂಕಿನಿಂದ ತೆಗೆದೆವು, ಯಾರ ಅಂಗಡಿಗೆ ಹೋದರೂ ಬೇಡ ಅಂತಾರಲ್ಲ ಅಂತ ಯೋಚನೆ. ಪೋಸ್ಟಾಫೀಸು ಮುಚ್ಚೋಕೆ ಹತ್ತು ನಿಮಿಷ ಇತ್ತು. ನೂರು ಸ್ಟಾಂಪಿನ ಒಂದು ಸುರುಳಿ ತಗೊಂಡೆ. ಸರ್ಕಾರ ಯಾರ ದುಡ್ಡನ್ನೂ ಬೇಡ ಅನ್ನಲ್ಲ.

ಜನ ಏನೂ ಅಂದುಕೊಳ್ಳಲ್ಲ ಅಕ್ಕ. ‘ವೆಲ್ವಾ ಬಂದಳಾ’ ಅಂತ ಕೇಳಿದರು, ಅಷ್ಟೇ.

ಡೆನ್ಜಿಲ್


ಆಕ್ರನ್
ಜುಲೈ 5, 1997

ಲೋ ತಮ್ಮಾ,

ನೀನು ಬರೆದಿದ್ದೆಲ್ಲ ಓದಿದೆ. ನಕ್ಕೆ, ಅತ್ತೆ, ಮತ್ತೆ ನಕ್ಕೆ. ನನ್ನ ಹೆಸರನ್ನ ಕಲ್ಲಿನಲ್ಲಿ ಕೆತ್ತಿಸಿ, ಬೇಜಾರಿಲ್ಲ, ಬರದಿದ್ದರೂ ಸರಿ ಅಂತ ಬರೆಯೋನು ಭೂಮಿ ಮೇಲೆ ನೀನೊಬ್ಬನೇ.

ನಾನೂ ಒಂದು ಮುಚ್ಚಿಟ್ಟಿದ್ದೆ, ಹೇಳಿಬಿಡ್ತೀನಿ. ನನ್ನ ಗಂಡ ರೇ ತನ್ನ ಮೊದಲ ಹೆಂಡತಿಯ ಸಮಾಧಿ ಪಕ್ಕ ಮಲಗಿದ್ದಾನೆ. ಇಪ್ಪತ್ತೊಂಬತ್ತು ವರ್ಷ ಅವನಿಗೆ ಅಡಿಗೆ ಮಾಡಿ ಹಾಕಿದೆ, ಆದರೆ ಆ ಕಲ್ಲಿನಲ್ಲಿ ನಾನು ಬರುವ ಮೊದಲೇ ಎರಡು ಹೆಸರು ಕೆತ್ತಿ ಆಗಿತ್ತು. ಅವಳ ಮಕ್ಕಳು ಮಣ್ಣು ಹಾಕಿ ಬಂದು, ಮನೆ ನಮ್ಮ ಅಪ್ಪನ ಹೆಸರಲ್ಲಿದೆ ಅಂದರು. ಜನವರಿಯಲ್ಲಿ ಮಾರಿದರು. ಟಪಾಲು ಡಬ್ಬಿ ಮುರಿದಿಲ್ಲ ಕಣೋ, ಡಬ್ಬಿಯೇ ನನ್ನದಲ್ಲ. ಆರು ತಿಂಗಳಿಂದ ಒಬ್ಬರ ಮನೆಯ ನೆಲಮಾಳಿಗೆಯ ಬಾಡಿಗೆ ರೂಮಿನಲ್ಲಿದೀನಿ. ನೀನು ಕೇಳಿಬಿಟ್ಟರೆ ಅಂತ ಹೆದರಿ ನಾನೇ ದುಡ್ಡು ಕಳಿಸ್ತಾ ಹೋದೆ. ದುಡ್ಡು ಕಳಿಸೋರನ್ನ ಯಾರೂ ಹೇಗಿದೀಯ ಅಂತ ಕೇಳಲ್ಲ.

ಸತ್ತರೆ ಎಲ್ಲಿ ಹಾಕ್ತಾರೋ ಅಂತ ಈ ಆರು ತಿಂಗಳು ಎಷ್ಟು ಯೋಚನೆ ಮಾಡಿದೀನಿ ಗೊತ್ತಾ? ಯಾರ ಹತ್ತಿರ ಹೇಳೋದು ಇಂಥ ಮಾತನ್ನ?

ನಿನ್ನ ಕಾಗದ ಬಂದ ದಿನ ಕಚೇರಿ ಮುಚ್ಚೋಕೆ ಮುಂಚೆ ಮಿಸೆಸ್ ಸ್ಪ್ಯಾಂಗ್ಲರ್‌ಗೆ ಮತ್ತೆ ಫೋನ್ ಮಾಡಿದೆ. ಕೂಗಾಡಲಿಲ್ಲ. ನನ್ನ ತಮ್ಮನ ಕಡತದ ವಿಷಯ ಬೇಡ, ಸುಮ್ಮನೆ ಒಂದು ಪ್ರಶ್ನೆ ಅಂದೆ. ಒಬ್ಬ ಕಾಯಿಲೆಯವನ ಸ್ವಂತ ಮನೇಲಿ ಅವನ ಅಕ್ಕ ಬಂದು ಇದ್ದರೆ, ಅವಳಿಗೆ ಬರೋ ಪಿಂಚಣಿ ಅವನ ಕಾರ್ಡಿಗೆ ಅಡ್ಡ ಬರುತ್ತಾ ಅಂತ ಕೇಳಿದೆ. ಪುಟ ತಿರುವೋ ಸದ್ದು ಕೇಳಿಸಿತು. ಹೆಂಡತಿಯಾದರೆ ಅವಳ ದುಡ್ಡೂ ಅವನ ದುಡ್ಡೂ ಸೇರಿಸಿ ನೋಡ್ತಾರಂತೆ. ಅಕ್ಕನದು ಅಕ್ಕನಿಗೇ. ಅವಳ ಅನ್ನ ಅವಳು ತಂದುಕೊಂಡು, ಅವನ ಕೈಗೆ ದುಡ್ಡು ಕೊಡದೇ ಇದ್ದರೆ ಆಯ್ತಂತೆ. ಎರಡು ಸಲ ಕೇಳಿದೆ, ಎರಡು ಸಲವೂ ಅದೇ ಹೇಳಿದಳು. ಮೂರನೇ ಸಲ ಕೇಳೋ ಮೊದಲೇ, “ಹೊರಡಿ ಅಮ್ಮ” ಅಂದಳು.

ಶಾಲೆ ಕೆಲಸಕ್ಕೆ ನಿನ್ನೆಯೇ ರಾಜೀನಾಮೆ ಬರೆದಿಟ್ಟೆ. ಎರಡು ಪೆಟ್ಟಿಗೆ, ಒಂದು ಹೊಲಿಗೆ ಮಿಷನ್ನು, ಅಷ್ಟೇ ನನ್ನ ಆಸ್ತಿ. ಅಮ್ಮನ ಕೋಣೇಲಿ ಏನೇನು ತುಂಬಿಸಿದೀಯೋ ತೆಗೆಸಿಡು. ನಿನ್ನನ್ನ ಎತ್ತೋದು ಹೇಗೆ ಅಂತ ಡ್ರೀಮಾ ನನಗೆ ಕಲಿಸಲಿ, ಅವಳಿಗೂ ಒಂದು ಭಾನುವಾರ ರಜೆ ಬೇಕು.

ಆ ಕಲ್ಲಿಗೆ ಅವಸರವಿಲ್ಲ. ನಾನು ಬದುಕಿರೋವಾಗಲೇ ಬರ್ತಿದೀನಿ, ಬರೋ ಶನಿವಾರದ ಬಸ್ಸಿಗೆ.

ನಿನ್ನ ಅಕ್ಕ,
ವೆಲ್ವಾ